ಚೌಕದ ಅಳತೆ

ಸಿಂಧನೂರಿನ ನರರೋಗದ ಡಾಕ್ಟರ ಬಾಗಿಲಲ್ಲಿ ಸರದಿಗೆ ಕಾಯುತ್ತಿದ್ದ ವೀರಭದ್ರಮ್ಮನ ಪಕ್ಕದ ಬೆಂಚಿನಲ್ಲಿ ಮಸ್ಕಿಯ ಗಂಡಹೆಂಡತಿ ಕೂತಿದ್ದರು. ಗಂಡ ಪಿ.ಟಿ. ಮಾಸ್ತರಾಗಿದ್ದವರು, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಕೇಳಬಾರದೆಂದುಕೊಂಡರೂ ವೀರಭದ್ರಮ್ಮನ ಕಿವಿ ಅತ್ತಲೇ ಹೋಯಿತು.

“ಸ್ಕೋರ್ ಇಳಿದ್ರ ಕೂಡ್ಲೇ ಬರ್ರಿ ಅಂದಿದ್ರು ಡಾಕ್ಟರು,” ಎಂದರು ಮಾಸ್ತರು. “ದಿನಾ ಬ್ಯಾಟ್ ಹಿಡಿದು ಗೋಡಿಗೆ ನೂರು ಸಲ ಪಿಕಲ್‌ಬಾಲ್ ಹೊಡಿತಿದ್ದೆ. ಫೋನಿನ ಪರದೆ ಮ್ಯಾಲ ಬರೆದ ಚೌಕದಾಗ ಎಂಬತ್ತು ಬಿದ್ದಾವಂತ ಫೋನೇ ಎಣಿಸಿ ಹೇಳ್ತಿತ್ತು.”

“ಹೌದ್ರಿ,” ಎಂದಳು ಹೆಂಡತಿ.

“ಒಂದಿನ ಅರವತ್ತಾತು. ಮರುದಿನಾನೇ ಮತ್ತ ಎಂಬತ್ತು. ಮೂರು ತಿಂಗಳು ಹಂಗೇ ಇತ್ತು. ಈಗ ನೋಡಿದ್ರ ಚಮಚಾ ಹಿಡಿಯಾಕ ಬರವಲ್ದು. ಫೋನು ಸುಳ್ಳು ಹೇಳ್ತದೇನು?”

“ಫೋನು ಹೇಳಿಲ್ರಿ. ನಾ ಹೇಳೀನಿ.”

“ಏನಂದಿ?”

“ಫೋನಿನ್ಯಾಗ ಚೌಕ ಬರಿಯಾಕಿ ನಾನಲ್ಲೇನ್ರಿ? ಅರವತ್ತಾದ ಮರುದಿನದಿಂದ ವಾರ ವಾರ ಒಂಚೂರು ದೊಡ್ಡದು ಬರೀತಿದ್ದೆ.”

“ಯಾಕ?”

“ಅರವತ್ತು ಬಂದ ದಿನ ನೀವು ಉಣ್ಣದ ಮಕ್ಕೊಂಡ್ರಿ.”

ವೀರಭದ್ರಮ್ಮ ತನ್ನ ಚೀಟಿಯನ್ನು ಮಡಚಿದಳು, ಮತ್ತೆ ಬಿಚ್ಚಿದಳು.

“ಹಳೇ ಚೌಕದಾಗ ಎಷ್ಟು ಬೀಳ್ತಿದ್ವು? ಖರೇ ಹೇಳು.”

“ಮನಸ್ಸಿನ್ಯಾಗ ಎಣಿಸ್ತಿದ್ದೆ. ನೀವು ಆಡಿದ ಕಡೀ ದಿನ ಹನ್ನೊಂದು.”

ಅಷ್ಟರಲ್ಲಿ ನರ್ಸ್ “ಅಮರಗುಂಡಪ್ಪ” ಎಂದು ಮಾಸ್ತರ ಹೆಸರು ಕೂಗಿದಳು.

“ಎಷ್ಟು ಬಿದ್ವು ಅಂತ ಒಳಗ ಕೇಳಿದ್ರ ಏನು ಹೇಳ್ಲಿರಿ?”

“ಎಂಬತ್ತು ಅನ್ನು. ಡಾಕ್ಟರ ಮುಂದ ನೀ ತಲಿ ತಗ್ಗಿಸೂದು ಬ್ಯಾಡ.”

ಹೆಂಡತಿ ಫೈಲು ಎತ್ತಿಕೊಂಡಳು. ಮಾಸ್ತರು ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಗವಚಿಕೊಂಡು ಆಕೆಯ ಹಿಂದೆ ಒಳಗೆ ಹೋದರು.