ಯಂತ್ರಕ್ಕೆ ಕಟ್ಟಿದ ಹಗ್ಗ

ಮೂಳೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಕಾಲು ಊದಿಸಿಕೊಂಡ ಮೀನುಗಾರನೊಬ್ಬ ಕೂತಿದ್ದ. ಅವನನ್ನು ಕರೆತಂದಿದ್ದ ಅವನ ಅಕ್ಕನ ಗಂಡ ಸುನಾಮಿ ಎಚ್ಚರಿಕೆ ಕೇಂದ್ರದ ಸಮವಸ್ತ್ರದಲ್ಲೇ ಇದ್ದ.

“ಅಲ್ಲ ಭಾವ, ಸೈರನ್ ಹೊಡೆದು ಊರನ್ನೆಲ್ಲ ಗುಡ್ಡ ಹತ್ತಿಸಿದ್ರಿ. ಬಂದ ಅಲೆ ಪಾದವನ್ನೂ ನೆನೆಸ್ಲಿಲ್ಲ. ಬಿದ್ದು ಕಾಲು ಮುರ್ಕೊಂಡವನು ನಾನು. ಇನ್ನೊಂದ್ಸಲ ಹೊಡೆದ್ರೆ ಯಾರೂ ಓಡಲ್ಲ, ನೋಡ್ತಿರಿ.”

“ಭೂಕಂಪ ಆಗಿದ್ದಷ್ಟೇ ನಮಗೆ ಗೊತ್ತಾಗಿದ್ದು. ಅಲೆ ಎಷ್ಟೆತ್ತರ ಅಂತ ಹೇಳೋದು ಸಮುದ್ರದಲ್ಲಿ ತೇಲೋ ಯಂತ್ರ. ಅದು ಸರಿ ಇದ್ದಿದ್ರೆ ಸೈರನ್ನೇ ಹೊಡೀತಿರ್ಲಿಲ್ಲ.”

“ಕೆಟ್ಟಿದ್ರೆ ರಿಪೇರಿ ಮಾಡ್ಬೇಕಪ್ಪ. ಆಫೀಸಲ್ಲಿ ಕೂತು ಏನು ಕಡಿದು ಕಟ್ಟೆ ಹಾಕ್ತಿದ್ರಿ?”

“ಅದಾಗೇ ಕೆಟ್ಟಿದ್ದಲ್ಲ. ಯಾರೋ ಅದಕ್ಕೆ ದೋಣಿ ಕಟ್ಟಿ, ಎಳೆದು ಕಿತ್ತಿದ್ದಾರೆ.”

“ಕಟ್ಟಿದ್ರೆ ಏನೀಗ? ಅದರಡಿ ಮೀನು ಸೇರುತ್ತೆ. ಎಲ್ರೂ ಕಟ್ತಾರೆ.”

“ಹಗ್ಗದ ತುಂಡು ಸಿಕ್ಕಿದೆ. ಗಂಟು ನೋಡಿದ ತಕ್ಷಣ ನಿನ್ನಕ್ಕ, ಇದು ನಮ್ಮಪ್ಪ ತಮ್ಮನಿಗೆ ಕಲಿಸಿದ ಗಂಟು ಅಂದ್ಳು.”

ಮೀನುಗಾರ ತನ್ನ ಕಾಲನ್ನೇ ನೋಡಿದ.

“ಅವಳಿಗೇನು ತಲೆ ಕೆಟ್ಟಿದ್ಯಾ? ತವರಿನ ಮಾನ ತೆಗೀತಾಳಾ?”

“ವರದೀಲಿ ಹೆಸರು ಬರೀರಿ ಅಂದಿದ್ದೂ ಅವಳೇ.”

ನರ್ಸ್ ಕರೆದಳು. ಮೀನುಗಾರ ಒಂಟಿ ಕಾಲಲ್ಲಿ ಎದ್ದು ತಡವರಿಸಿದ. ಭಾವ ಹೆಗಲು ಕೊಟ್ಟ.

“ಬರೆದ್ರಾ?”

“ಬರೆದೆ. ಹೊಸ್ತಿಲಿದೆ, ಎಡವೀಯ.”