ಇನ್ನಾಸಪ್ಪನವರ ಒಪ್ಪಿಗೆ ಪತ್ರ

ಈ ಸಭೆಯ ಅಧ್ಯಕ್ಷತೆಯನ್ನೂ ಮೈಕಿನ ವೈರನ್ನೂ ಏಕಕಾಲಕ್ಕೆ ಹಿಡಿದು ಕುಳಿತಿರುವ ಪೂಜ್ಯ ಫಾದರ್ ಅವರೇ, ಬಳ್ಳಾರಿ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ನಗುಮುಖ ಕೆಡಿಸಿಕೊಳ್ಳದ ಮುಖ್ಯ ಅತಿಥಿಗಳಾದ ಕನ್ಯಾಮಠದ ಮದರ್ ಅವರೇ, ವೇದಿಕೆಯ ಪರದೆಗೆ ಜೀನ್ಸ್ ಬಟ್ಟೆ ಕೊಟ್ಟು ಇಡೀ ಸಮಾರಂಭಕ್ಕೆ ಪ್ಯಾಂಟು ತೊಡಿಸಿರುವ ನಮ್ಮ ಯೂನಿಟ್ಟಿನ ಮೇಸ್ತ್ರಿ ಲಕ್ಷ್ಮಣಪ್ಪನವರೇ, ಮುಂದಿನ ಸಾಲು ಖಾಲಿ ಬಿಟ್ಟು ಹಿಂದಿನ ಗೋಡೆಗೆ ಒರಗಿರುವ ವಿನಯಶೀಲ ಸಭಿಕರೇ, ಮತ್ತು ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಅಕ್ಕ ಜಪಮಾಲಾ ಅವರೇ,

ಚೌರಪ್ಪನ ವಂದನೆಗಳನ್ನು ಸ್ವೀಕರಿಸಬೇಕು.

ಬಾಲಯೇಸುವಿನ ಸಂತ ತೆರೇಸಮ್ಮನವರ ಹಬ್ಬದ ಈ ದಿನ, ಅವರ ಜೀವನ ಕುರಿತು ಏಳು ನಿಮಿಷ ಮಾತಾಡಬೇಕೆಂದು ಫಾದರ್ ಅಪ್ಪಣೆ ಕೊಟ್ಟಿದ್ದಾರೆ. ಏನು ಮಾತಾಡಬೇಕೆಂದು ಎರಡು ಹಾಳೆ ಬರೆದೂ ಕೊಟ್ಟಿದ್ದಾರೆ. ಮೇಲ್ತುದಿಯಲ್ಲಿ ಕೆಂಪು ಶಾಯಿಯಿಂದ ‘ತಮಾಷೆ ಬೇಡ’ ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ. ಸಭಿಕರೇ, ನನ್ನಂಥ ಗಂಭೀರ ಸ್ವಭಾವದ ಯುವಕನಿಗೆ ಈ ಎಚ್ಚರಿಕೆಯ ಅಗತ್ಯವಿತ್ತೇ? ನಮ್ಮ ಯೂನಿಟ್ಟಿನ ಹಂಪಕ್ಕ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಾಳೆ. ಹಂಪಕ್ಕನ ನಗುವನ್ನು ಸಭೆ ಮನ್ನಿಸಬೇಕು.

ತೆರೇಸಮ್ಮನವರು ಫ್ರಾನ್ಸ್ ದೇಶದವರು. ನಾಲ್ಕು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಅಕ್ಕಂದಿರು ಒಬ್ಬೊಬ್ಬರಾಗಿ ಮಠ ಸೇರಿದರು. ತಾನೂ ಹೋಗಬೇಕೆಂದು ಈ ಹುಡುಗಿ ಹದಿನಾಲ್ಕಕ್ಕೇ ಹಟ ಹಿಡಿದಳು. ವಯಸ್ಸು ಸಾಲದು ಎಂದರು. ಧರ್ಮಾಧ್ಯಕ್ಷರ ಬಳಿ ಹೋದಳು. ನೋಡೋಣ ಎಂದರು. ನಮ್ಮ ಯೂನಿಟ್ಟಿನಲ್ಲಿ ರಜೆ ಬೇಕಾದರೆ ಮೊದಲು ಮೇಸ್ತ್ರಿ, ಆಮೇಲೆ ಸೂಪರ್‌ವೈಸರ್, ಅಲ್ಲಿಗೆ ಹಬ್ಬವೇ ಮುಗಿದಿರುತ್ತದೆ. ತೆರೇಸಮ್ಮ ಹಾಗೆ ಮಾಡಲಿಲ್ಲ. ರೋಮಿಗೆ ಹೋಗಿ, ಯಾರೂ ಮಾತಾಡಕೂಡದು ಎಂಬ ಆಜ್ಞೆ ಇದ್ದರೂ, ಪೋಪರ ಮೊಣಕಾಲು ಹಿಡಿದು ಕೇಳಿಯೇಬಿಟ್ಟಳು. ಕಾವಲಿನವರು ಎತ್ತಿ ಹೊರಗೆ ಕರೆದೊಯ್ಯಬೇಕಾಯಿತು. ಹದಿನೈದಕ್ಕೆ ಮಠ ಸೇರಿದಳು. ಇಪ್ಪತ್ನಾಲ್ಕಕ್ಕೆ ಕ್ಷಯದಿಂದ ತೀರಿಕೊಂಡಳು.

ಇವೆಲ್ಲಕ್ಕೂ ಮೊದಲು ಆಕೆ ಒಪ್ಪಿಗೆ ಕೇಳಿದ್ದು ತನ್ನ ತಂದೆಯನ್ನು. ಇಬ್ಬರೂ ತೋಟದಲ್ಲಿ ಅಡ್ಡಾಡುತ್ತಿದ್ದರಂತೆ. ತಂದೆ ಅತ್ತರು, ಒಪ್ಪಿದರು, ಮೋಟುಗೋಡೆಯ ಸಂದಿನಲ್ಲಿದ್ದ ಒಂದು ಸಣ್ಣ ಬಿಳಿ ಹೂವನ್ನು ಬೇರುಸಹಿತ ಕಿತ್ತು ಮಗಳ ಕೈಗೆ ಕೊಟ್ಟರು.

ಫಾದರ್ ಅವರ ಹಾಳೆ ಇಲ್ಲಿಗೆ ಮುಗಿಯುವುದಿಲ್ಲ. ಇನ್ನೂ ಒಂದೂವರೆ ಪುಟವಿದೆ. ಆದರೆ ನಾನು ಇಲ್ಲಿ ನಿಲ್ಲುತ್ತೇನೆ. ಒಪ್ಪಿಗೆ ಕೊಟ್ಟ ಇನ್ನೊಬ್ಬ ತಂದೆಯ ವಿಷಯ ಹೇಳಬೇಕಾಗಿದೆ. ಅಕ್ಕ, ನೀನು ತಲೆ ಎತ್ತಿ ಕೇಳಬೇಕು.

ನಮ್ಮಪ್ಪ ಇನ್ನಾಸಪ್ಪ ನಿಮ್ಮಲ್ಲಿ ಹಲವರಿಗೆ ಗೊತ್ತು. ಡಿ. ಹಿರೇಹಾಳ್ ಕಡೆಯಿಂದ ನಮ್ಮನ್ನು ಕಟ್ಟಿಕೊಂಡು ರಾಯದುರ್ಗಕ್ಕೆ ಬಂದು, ಜೀನ್ಸ್ ಯೂನಿಟ್ಟಿನಲ್ಲಿ ಬಂಡಲ್ ಹೊರುತ್ತಿದ್ದವರು. ಬೇಸಗೆಯಲ್ಲಿ ಬೆವರಿಗೆ ಬಟ್ಟೆಯ ಬಣ್ಣ ಇಳಿದು ಕುತ್ತಿಗೆಯವರೆಗೆ ನೀಲಿಯಾಗುತ್ತಿದ್ದರು. ಅಕ್ಕ ಅದೇ ಯೂನಿಟ್ಟಿನಲ್ಲಿ ಜಿಪ್ಪು ಕೂರಿಸುವ ಮಿಷನ್ನಿನ ಮುಂದೆ. ಊಟದ ಬಿಡುವಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದರೆ ಆಕೆ ಈ ಗುಡಿಗೆ ಬಂದು ಹತ್ತು ನಿಮಿಷ ಕೂತು ಹೋಗುತ್ತಿದ್ದಳು. ಪಕ್ಕದ ಮಿಷನ್ನಿನ ಹಂಪಕ್ಕ ದಿನವೂ ಕೇಳುತ್ತಿದ್ದಳು: “ಏನವಾ, ದೇವರ ಮುಂದ ಹಾಜರಿ ಹಾಕಿ ಬಂದೇನು?”

ಹತ್ತೊಂಬತ್ತು ತುಂಬಿದ ವರ್ಷ ಅಕ್ಕ, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾ, ಕನ್ಯಾಸ್ತ್ರೀ ಆಗುತ್ತೇನೆಂದು ಹೇಳಿದಳು. ಅವ್ವ ಅತ್ತಳು, ಬೈದಳು, ಮೂರು ದಿನ ಮಾತು ಬಿಟ್ಟಳು. ಅಪ್ಪ ಒಂಬತ್ತು ದಿನ ಎಂದಿನಂತೆ ಬಂಡಲ್ ಹೊತ್ತರು. ಭಾನುವಾರದ ಪೂಜೆ ಮುಗಿಸಿ ಬಂದವರು ಅವ್ವನಿಗೆ ಹೇಳಿದರು: “ಆಕಿ ಮನಸ್ಸು ಅಲ್ಲಿ ಐತಿ. ಮೈ ಹಿಡಕೊಂಡು ಏನ್ ಮಾಡಾನು?”

ಬಳ್ಳಾರಿ ಮಠದವರು ಕೇಳಿದ್ದು ಮೂರು ಕಾಗದ. ಜ್ಞಾನಸ್ನಾನದ ಪತ್ರ, ಹತ್ತನೆಯ ತರಗತಿಯ ಅಂಕಪಟ್ಟಿ, ಮತ್ತು ತಂದೆಯ ಒಪ್ಪಿಗೆ ಪತ್ರ. ಅಪ್ಪನಿಗೆ ಅಕ್ಷರ ಬಾರದು. ಬರೆಯುವವರು ಯಾರು? ಹದಿನೇಳು ವರ್ಷದ ಈ ಚೌರಪ್ಪ. ಆ ಕಾಲಕ್ಕೆ ನಮ್ಮ ಓಣಿಯ ಅರ್ಜಿಗಳೆಲ್ಲ ನನ್ನ ಕೈಬರಹದಲ್ಲೇ ಹೋಗುತ್ತಿದ್ದವು. ಲಕ್ಷ್ಮಣಪ್ಪನವರೇ, ಒಂದೇ ವರ್ಷದಲ್ಲಿ ಹಂಪಕ್ಕನ ಅಜ್ಜಿ ಮೂರು ಸಲ ದೈವಾಧೀನರಾದದ್ದು ತಮಗೆ ನೆನಪಿರಬಹುದು. ಮೂರೂ ರಜಾ ಅರ್ಜಿಗಳು ನನ್ನವೇ. ಕ್ಷಮೆ ಇರಲಿ.

ಅಪ್ಪ ಚಾಪೆಯ ಮೇಲೆ ಕೂತು ಬರೆಸಿದರು. “ನಾ ಹೇಳಿದಂಗ ಬರಿ. ನಿನ್ನ ಶ್ಯಾಣೇತನ ಸೇರಿಸಬ್ಯಾಡ” ಎಂದರು. ನಾನು ಸೇರಿಸಲಿಲ್ಲ. ಮನೆಯಲ್ಲಿ ಸ್ಟ್ಯಾಂಪ್ ಪ್ಯಾಡು ಇರಲಿಲ್ಲ. ಬಾಲ್ ಪೆನ್ನಿನ ರೀಫಿಲ್ಲನ್ನು ಅವರ ಹೆಬ್ಬೆರಳಿಗೆ ತಿಕ್ಕಿ ಒತ್ತಿಸಿದೆ. ಇಲ್ಲಿಯವರೆಗೆ, ಸಭಿಕರೇ, ನಾನು ಒಳ್ಳೆಯ ಹುಡುಗ.

ಆಮೇಲೆ ಇನ್ನೊಂದು ಹಾಳೆ ತೆಗೆದುಕೊಂಡೆ. ಅದರಲ್ಲಿ ಬಹು ಗಾಂಭೀರ್ಯದಿಂದ ಹೀಗೆ ಬರೆದೆ: ‘ಮಾನ್ಯರೇ, ನನ್ನ ಮಗಳನ್ನು ಕಳಿಸಲು ನನಗೆ ಮನಸ್ಸಿಲ್ಲ. ಆಕೆಯ ಹಟಕ್ಕೆ ಸುಮ್ಮನಿದ್ದೇನೆ. ದಯವಿಟ್ಟು ಆಕೆಯನ್ನು ಮನೆಗೆ ತಿರುಗಿ ಕಳಿಸಬೇಕಾಗಿ ವಿನಂತಿ.’ ಅಪ್ಪನಿಗೆ ಹೇಳಿದೆ, ಮೊದಲಿನ ಹೆಬ್ಬೆಟ್ಟು ಮಸಿ ಹರಡಿ ಕೆಟ್ಟಿದೆ, ಇನ್ನೊಂದು ಒತ್ತು ಎಂದು. ಕೆಟ್ಟಿರಲಿಲ್ಲ. ಅಪ್ಪ ಒತ್ತಿದರು. ಮಗನ ಮುಂದೆ ಹೆಬ್ಬೆರಳು ಚಾಚಲು ಯಾವ ತಂದೆ ಎರಡು ಸಲ ಯೋಚಿಸುತ್ತಾನೆ?

ನನ್ನ ಯೋಜನೆ ಸರಳವಾಗಿತ್ತು. ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ಕವರು ಒಡೆದು ಓದುತ್ತಾಳೆ, ಗಾಬರಿಯಾಗುತ್ತಾಳೆ, ನನ್ನ ಬೆನ್ನಿಗೆ ನಾಲ್ಕು ಗುದ್ದುತ್ತಾಳೆ, ನಾನು ಅಂಗಿಯ ಜೇಬಿನಿಂದ ನಿಜವಾದ ಪತ್ರ ತೆಗೆದುಕೊಡುತ್ತೇನೆ. ಅಷ್ಟೇ. ಕವರನ್ನು ಅನ್ನದ ಅಗುಳಿನಿಂದ ಅಂಟಿಸಿ, ಮೇಲೆ ‘ಮದರ್ ಅವರಿಗೆ’ ಎಂದು ಬರೆದೆ. ಅಲ್ಲಿಯೇ ನಾನು ಕೆಟ್ಟೆ.

ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ, “ಒಡದು ನೋಡಕ್ಕ, ಎಷ್ಟು ಚೆಂದ ಬರದೀನಿ.”

“ಮದರ್ ಹೆಸರಿಗೆ ಬರದದ್ದು ನಾ ಯಾಕ ಒಡೀಲೋ?” ಅಂದಳು.

ಬಳ್ಳಾರಿ ಬಸ್ಸು ಬಂತು. ಅಕ್ಕ ಕಿಟಕಿಯ ಪಕ್ಕ ಕೂತು, ಕೈ ಹೊರಗೆ ಚಾಚಿ ನನ್ನ ತಲೆ ಸವರಿದಳು. “ಅಪ್ಪನ್ನ ನೋಡ್ಕೊಳಲೇ” ಅಂದಳು. ಬಸ್ಸು ಹಿಂದಕ್ಕೆ ಬಂದು ತಿರುಗಬೇಕಿತ್ತು. ಅಡ್ಡ ಒಂದು ಆಟೋ ನಿಂತಿತ್ತು. ಡ್ರೈವರ್ ಹಾರನ್ ಹೊಡೆದ, ಆಟೋದವನು ಇಳಿದು ಜಗಳಕ್ಕೆ ನಿಂತ. ಅಷ್ಟು ಹೊತ್ತು ಇತ್ತು. ಕೂಗಬಹುದಿತ್ತು. ಓಡಿ ಹೋಗಿ ಕಿಟಕಿಯಲ್ಲಿ ಕಾಗದ ತುರುಕಬಹುದಿತ್ತು. ನಾನು ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.

ತಮಾಷೆಗೆ ಮಾಡಿದ್ದು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ತಮಾಷೆಯೇ ಆಗಿದ್ದರೆ ಕೂಗುತ್ತಿರಲಿಲ್ಲವೇ? ಆ ಎರಡನೆಯ ಹಾಳೆಯಲ್ಲಿದ್ದದ್ದು ಅಪ್ಪನ ಮಾತಲ್ಲ. ಆದರೆ ಸುಳ್ಳೂ ಅಲ್ಲ. ಅದು ನನ್ನ ಮಾತು. ಆಕೆ ಹೋಗುವುದು ನನಗೆ ಬೇಡವಾಗಿತ್ತು. ಅದನ್ನು ನನ್ನ ಹೆಸರಿನಲ್ಲಿ ಹೇಳಲು ನಾಚಿಕೆಯಾಗಿ ಅಪ್ಪನ ಹೆಬ್ಬೆಟ್ಟಿನ ಹಿಂದೆ ಅವಿತುಕೊಂಡೆ.

ಮಧ್ಯಾಹ್ನದ ಬಸ್ಸಿಗೇ ಅಕ್ಕ ವಾಪಸು ಬಂದಳು. “ಈಗ ಬ್ಯಾಡಂತ” ಎಂದಷ್ಟೇ ಹೇಳಿ ಒಲೆ ಹಚ್ಚಿದಳು. ತಂದೆಗೆ ಮನಸ್ಸಿಲ್ಲದ ಮಗಳನ್ನು ನಾವು ತೆಗೆದುಕೊಳ್ಳುವುದಿಲ್ಲ ಎಂದು ಆಗಿನ ಮದರ್ ಹೇಳಿದ್ದರಂತೆ. ಅದನ್ನು ಆಕೆ ಹಂಪಕ್ಕನಿಗೆ ಮಾತ್ರ ಹೇಳಿದಳು. ಮುಖದೆದುರು ಹೂಂ ಅಂದು, ಕವರಿನೊಳಗೆ ಬೇಡ ಅಂದ ಅಪ್ಪ; ಅಂಥ ಅಪ್ಪನನ್ನು ಏನು ಕೇಳುವುದು ಎಂದು ಆಕೆ ಕೇಳಲಿಲ್ಲ. ನಮ್ಮಂಥವರ ಮನೆಯ ಹುಡುಗಿ ಮಠದವರಿಗೆ ಬೇಡವಾದಳೇನೋ, ಕೇಳಿದರೆ ಮಗಳಿಗೆ ನೋವಾದೀತು ಎಂದು ಅಪ್ಪನೂ ಕೇಳಲಿಲ್ಲ. ಅಂದಿನಿಂದ ಅಪ್ಪ ಭಾನುವಾರದ ಪೂಜೆಗೆ ಬರುವುದನ್ನೇ ಬಿಟ್ಟರು. ಇನ್ನಾಸಪ್ಪ ಯಾಕೆ ಬರುತ್ತಿಲ್ಲ ಎಂದು ಊರೆಲ್ಲ ಕೇಳಿತು. ಅವರಿಬ್ಬರ ನಡುವೆ ಕೂತು ನಾನು ಎರಡು ವರ್ಷ ಊಟ ಮಾಡಿದೆ. ಆಕೆ ಬಡಿದ ರೊಟ್ಟಿ ತಿಂದೆ. ನಗಿಸಿದೆ ಕೂಡ.

ಮೂರನೆಯ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಾಯಿ ಹೋಯಿತು. ಹನ್ನೊಂದು ತಿಂಗಳು ಉಣಿಸಿದ್ದು, ತೊಳೆದದ್ದು ಅಕ್ಕ. ಒಂದು ದಿನ ಅಪ್ಪ ಎಡಗೈಯಿಂದ ಅಕ್ಕನ ಕೊರಳಿನ ಶಿಲುಬೆ ಮುಟ್ಟಿದರು. ಆಕೆಯ ಎದೆ ತೋರಿಸಿದರು, ಬಾಗಿಲಾಚೆ ತೋರಿಸಿದರು, ಆಮೇಲೆ ಕೈ ಅಲ್ಲಾಡಿಸಿದರು. ಯಾಕವ್ವ, ನಿನ್ನನ್ನು ಯಾಕೆ ಬೇಡ ಅಂದರು ಎಂದು ಕೇಳುತ್ತಿದ್ದರು. ನನಗೆ ತಿಳಿಯಿತು. ಅಕ್ಕನಿಗೆ ತಿಳಿದದ್ದು ಬೇರೆ. “ಇಲ್ಲಪ್ಪ, ಎಲ್ಲಿಗೂ ಹೋಗಂಗಿಲ್ಲ. ಸುಮ್ಕ ಮಲ್ಕೋ” ಎಂದಳು. ಅಪ್ಪನ ಕಣ್ಣಲ್ಲಿ ನೀರು ಬಂತು. ನಾನು ನೀರಿನ ಲೋಟ ಹಿಡಿದು ಅಲ್ಲೇ ನಿಂತಿದ್ದೆ.

ಅಪ್ಪನಿಗೆ ಮಣ್ಣು ಕೊಡುವಾಗ ಆಕೆ ಅಳಲಿಲ್ಲ. ಗಟ್ಟಿ ಹುಡುಗಿ ಎಂದರು ಎಲ್ಲರೂ. ಗಟ್ಟಿತನ ಅಲ್ಲ ಅದು ಎಂದು ನನಗೊಬ್ಬನಿಗೆ ಗೊತ್ತಿತ್ತು.

ಈ ಮಾತನ್ನು ಮನೆಯಲ್ಲಿ ಹೇಳಬಾರದಿತ್ತೇ ಎಂದು ತಾವು ಕೇಳಬಹುದು. ಪ್ರಯತ್ನಪಟ್ಟೆ. ಪಾಪನಿವೇದನೆಯಲ್ಲಿ ದೇವರಿಗೆ ಹೇಳಿದ್ದೂ ಆಯಿತು. ದೇವರಿಗೆ ಹೇಳುವುದು ಸುಲಭ. ಅಕ್ಕನ ಮುಂದೆ ನಾಲ್ಕು ಸಲ ಬಾಯಿ ತೆರೆದೆ, ನಾಲ್ಕು ಸಲವೂ ತಮಾಷೆಯೇ ಹೊರಬಂತು. ನಿಜ ಹೇಳಿದ್ದರೂ ಆಕೆ ನಂಬುತ್ತಿರಲಿಲ್ಲ. ಹುಟ್ಟಿದಾಗಿನಿಂದ ನಾನು ಹೇಳಿದ್ದರಲ್ಲಿ ಆಕೆ ನಂಬುವಂಥದ್ದು ಏನಿತ್ತು? ಗಂಭೀರವಾಗಿ ಮಾತಾಡಲು ನನಗೆ ಮೈಕು ಬೇಕು, ವೇದಿಕೆ ಬೇಕು, ಅಧ್ಯಕ್ಷರೇ ಎಂದು ಕರೆಯಲು ಒಬ್ಬ ಅಧ್ಯಕ್ಷರು ಬೇಕು. ಫಾದರ್ ಅವರೇ, ತಮ್ಮ ಹಾಳೆಗೆ ಮೋಸ ಮಾಡಿದ್ದೇನೆ. ಅದನ್ನೂ ಸೇರಿಸಿ ಕ್ಷಮಿಸಬೇಕು.

ಅಪ್ಪ ಬರೆಸಿದ ಪತ್ರ ನನ್ನ ಹತ್ತಿರವೇ ಇದೆ. ಐದು ವರ್ಷದಿಂದ ಇದೆ. ಓದುತ್ತೇನೆ.

“ಮದರಮ್ಮಾರಿಗೆ ಇನ್ನಾಸಪ್ಪನ ನಮಸ್ಕಾರ. ನನ್ನ ಮಗಳು ಜಪಮಾಲಾನ ನಿಮ್ಮ ಮಠಕ್ಕ ಕಳಿಸಾಕ ನನಗ ಒಪ್ಪಿಗಿ ಐತಿ. ನನ್ನ ಯಾರೂ ಬಲವಂತ ಮಾಡಿಲ್ಲ. ಮಿಷನ್ ಸೂಜಿ ಹೊಕ್ಕು ಆಕಿ ಎಡಗೈ ತೋರುಬೆರಳು ಚಳಿಗಾಲಕ್ಕ ಸೆಳೀತೈತಿ. ಆಕಿ ಹೇಳಂಗಿಲ್ಲ, ನೀವ ಕೇಳ್ರಿ. ಎಲ್ಲಾರಿಗೂ ನೀಡಿ ತಾನು ಕಡೀಗೆ ಉಣ್ತಾಳ, ಅದೊಂದು ಬಿಡಿಸ್ರಿ. ಮನಿ ನೆನಸಿಕೊಂಡು ಅತ್ರ ಒಂದು ಫೋನ್ ಮಾಡ್ರಿ, ನಾ ಬರ್ತೀನಿ. ಕರಕೊಂಡು ಬರಾಕ ಅಲ್ಲ, ನೋಡಿ ಬರಾಕ. ನಾನು ಓದಿಲ್ಲ. ಬರದಾವ ನನ್ನ ಮಗ. ಹೆಬ್ಬೆಟ್ಟು ನಂದು.”

ಮದರ್ ಅವರೇ, ನನ್ನ ಅಕ್ಕನಿಗೆ ಈಗ ಇಪ್ಪತ್ನಾಲ್ಕು. ತಮ್ಮ ಮಠದ ಬಾಗಿಲು ಆಕೆಗೆ ಇನ್ನೂ ತೆರೆದಿದೆಯೋ ಇಲ್ಲವೋ, ಆಕೆಗೆ ಇನ್ನೂ ಮನಸ್ಸಿದೆಯೋ ಇಲ್ಲವೋ, ಕೇಳುವ ಹಕ್ಕು ನನಗಿಲ್ಲ. ಈ ಕಾಗದ ತಮ್ಮ ಹೆಸರಿಗಿದೆ. ಆದರೂ ಇದನ್ನು ಮೊದಲು ಮೂರನೆಯ ಸಾಲಿಗೆ ಕೊಡಲು ಅಪ್ಪಣೆಯಾಗಬೇಕು.

ಅಕ್ಕ, ನಾನು ಕೆಳಗಿಳಿದು ಬರುತ್ತಿದ್ದೇನೆ. ನೀನು ಎದ್ದು ಹೋಗುವುದಾದರೆ ಹೋಗು, ನನ್ನ ಮುಖ ನೋಡಬೇಕಾಗಿಲ್ಲ. ಕಾಗದ ಮಾತ್ರ ಇಸಿದುಕೊಂಡು ಹೋಗು. ಅಪ್ಪ ಒಪ್ಪಿದ್ದರು.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಎಲ್ಲರಿಗೂ ನಾನು ಋಣಿ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬಾರದು.

ನಮಸ್ಕಾರ.