ಕೆಂಪು ವಸ್ತ್ರದೊಳಗಿನ ನಿಘಂಟು

ಒಂದೂರಲ್ಲಿ ಒಬ್ಬ ಸಾಹುಕಾರ. ಊರಿಗೆ ಶಾಲೆ ಕಟ್ಟಿಸಿದವನು ಅವನೇ, ಶಾಲೆಗೆ ದಪ್ಪನೆಯ ನಿಘಂಟು ತಂದವನೂ ಅವನೇ. ತಂದು ಏನು ಮಾಡಿದ? ಕೆಂಪು ವಸ್ತ್ರ ಸುತ್ತಿ ಕಪಾಟಿನಲ್ಲಿಟ್ಟು, ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡ. ವರ್ಷಕ್ಕೊಮ್ಮೆ ಸರಸ್ವತಿ ಪೂಜೆಗೆ ಹೊರಗೆ ತೆಗೆದು, ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಮತ್ತೆ ಒಳಗೆ. ತೆರೆದು ಓದಿದವರು ಯಾರು? ಯಾರೂ ಇಲ್ಲ.

ಪಾಠ ಹೇಳಲು ಹೊಸದಾಗಿ ಬಂದ ಅಕ್ಕೋರು ತಮ್ಮ ಹರಕು ನಿಘಂಟಿನಲ್ಲೇ ಮಕ್ಕಳಿಗೆ ಶಬ್ದ ಹುಡುಕಲು ಕಲಿಸಿದರು. ಕನ್ನಡ ಪರೀಕ್ಷೆಯ ದಿನ ಕಪಾಟಿನ ದೊಡ್ಡ ನಿಘಂಟನ್ನು ಮೇಜಿನ ಮೇಲಿಡಿ, ಬೇಕಾದವರು ನೋಡಲಿ ಎಂದರು. ಸಾಹುಕಾರ ಉರಿದುಬಿದ್ದ.

"ಪುಸ್ತಕ ನೋಡಿ ಬರ್ಯೂದಂದ್ರ ಕಾಪಿ ಹೊಡ್ಯೂದ ಅಲ್ಲೇನ್ರಿ? ನನ್ನ ಸಾಲ್ಯಾಗ ಇದು ನಡ್ಯೂದಿಲ್ಲ. ಗಂಟುಮೂಟಿ ಕಟ್ರಿ."

"ಕಟ್ತೀನ್ರಿ ಸಾವ್ಕಾರ್ರ. ಮೊದಲ ನೀವೂ ಪರೀಕ್ಷಾಕ್ಕ ಕುಂದರ್ರಿ. ನಿಘಂಟು ನೋಡಿ ಪೂರಾ ಉತ್ತರ ಬರದ್ರ, ಇವತ್ತ ಸಂಜಿ ಬಸ್ಸಿಗೆ ಹೊಂಟೆ."

ಸಾಹುಕಾರ ಮೀಸೆ ತಿರುವಿ, ಕಪಾಟು ತೆರೆದು ನಿಘಂಟು ಹೊರತೆಗೆದು, ಮಕ್ಕಳ ನಡುವೆ ಕುಳಿತ. ಪ್ರಶ್ನೆ ಒಂದೇ: ಔದಾರ್ಯ ಎಂದರೇನು? ನೀನು ಕಣ್ಣಾರೆ ಕಂಡದ್ದನ್ನು ಬರೆ.

ಕುಂಕುಮಕ್ಕೆ ಅಂಟಿಕೊಂಡ ಹಾಳೆ ಬಿಡಿಸಿ ಬಿಡಿಸಿ ಅವನು ಶಬ್ದ ಹಿಡಿದ. "ದೊಡ್ಡ ಮನಸ್ಸು" ಎಂದು ನಕಲು ಮಾಡಿದ. ಆಮೇಲೆ? ನಿಘಂಟು ತಿರುವಿದ, ಸೂರು ನೋಡಿದ. ಕಂಡದ್ದು ಏನು? ಶಾಲೆ ಕಟ್ಟಿಸಿದ್ದನ್ನು ಬರೆಯಲು ಹೋದ. ಬಾಗಿಲ ಮೇಲೆ ಆಳೆತ್ತರಕ್ಕೆ ಕೆತ್ತಿಸಿದ ತನ್ನದೇ ಹೆಸರು ಕಂಡು ಕೈ ನಿಂತಿತು.

ಪಕ್ಕದಲ್ಲಿ ಕೂಲಿಯವಳ ಮಗಳು. ನಿಘಂಟನ್ನು ಒಮ್ಮೆ ನೋಡಿದಳು, ಎರಡು ಪುಟ ಬರೆದಳು. ಅಕ್ಕೋರು ಓದಿದರು: "ನಮ್ಮವ್ವ ತನ್ನ ಬುತ್ತಿಯ ರೊಟ್ಟಿಯನ್ನು ಪಕ್ಕದ ಮನೆಯ ಬಾಣಂತಿಗೆ ಕೊಟ್ಟು, ನನಗೆ ಹಸಿವಿಲ್ಲ ಎಂದಳು. ಆಮೇಲೆ ಎರಡು ತಂಬಿಗೆ ನೀರು ಕುಡಿದಳು."

ಸಾಹುಕಾರ ಎದ್ದ. ಉಡಿದಾರ ಬಿಚ್ಚಿ ಬೀಗದ ಕೈಯನ್ನು ಆ ಹುಡುಗಿಯ ಅಂಗೈಯಲ್ಲಿಟ್ಟ. "ಅಕ್ಕೋರ, ನಾ ನಪಾಸ. ಇನ್ನ ಮ್ಯಾಲ ಕಪಾಟಿಗೆ ಕೀಲಿ ಬ್ಯಾಡ." ಶಾಲೆಗೆ ಶಾಲೆಯೇ ಕುಣಿಯಿತು.

ನಗ್ತೀರಲ್ಲ, ನಿಮ್ಮ ಮನೆಯ ದೇವರ ಜಗುಲಿ ನೋಡಿಕೊಳ್ಳಿ. ವಸ್ತ್ರ ಸುತ್ತಿಟ್ಟ ಪುಸ್ತಕ ಎಷ್ಟಿವೆ? ನಾಳೆ ಬೆಳಿಗ್ಗೆ ಬಿಚ್ಚಿ. ಮಗು ಶಬ್ದ ಹುಡುಕಿದರೆ ಕಳ್ಳ ಎನ್ನಬೇಡಿ, ಪಕ್ಕದಲ್ಲಿ ಕೂತು ನೀವೂ ಹುಡುಕಿ. ಇಷ್ಟಕ್ಕೇ ಬಿಡುವವನಲ್ಲ ನಾನು. ದಯೆ ಎಂದರೇನು ಅಂತ ಹನ್ನೊಂದು ದಿನದಿಂದ ಈ ಪ್ರವಚನದಲ್ಲಿ ಹೇಳುತ್ತಿದ್ದೇನೆ. ಅರ್ಥ ನಿಮಗೆ ಬಾಯಿಪಾಠ. ನಾಳೆ ಇಲ್ಲಿಗೆ ಬರುವಾಗ, ನೀವೇ ಮಾಡಿದ ದಯೆಯ ಕೆಲಸ ಒಂದನ್ನಾದರೂ ಹೇಳಲು ಇಟ್ಟುಕೊಂಡು ಬನ್ನಿ.